ಮೂಗಿನ ಪಕ್ಕದ ಗಾಯ

“ಕೈ ನೆಟ್ಟಗಿಲ್ಲದವನು ಕತ್ತಿ ಹಿಡೀಬಾರದು, ಸೌಟು ಹಿಡೀಬೇಕು,” ಅಂದ ಮುದುಕ, ಮೂಗಿನ ಪಕ್ಕಕ್ಕೆ ಪಟಿಕದ ತುಂಡು ಒತ್ತಿಕೊಂಡು.

“ಸೌಟು ಹಿಡಿಯೋದು ಅಷ್ಟು ಸುಲಭ ಅಂದ್ಕೊಂಡ್ರಾ ಮಾವ? ಒಂದು ದಿನ ಬಂದು ಹಿಡಿದು ನೋಡಿ,” ಅಂದಳು ಸೊಸೆ, ಪರದೆಯ ಆಚೆಯಿಂದ.

“ನಿನ್ನ ಹತ್ರ ಯಾರು ಮಾತಾಡಿದ್ರು?”

“ಕಿವಿಗೆ ಬಾಗಿಲಿಲ್ಲ. ನೀವು ಕೂಗಿದ್ದು ಮೂರನೇ ಮನೆಗೂ ಮುಟ್ಟುತ್ತೆ.”

ಮಗ ಅಪ್ಪನ ಗದ್ದ ಒರೆಸಿದ, ಕತ್ತಿ ತೊಳೆದು ಮಡಚಿಟ್ಟ, ಬ್ರಶ್ಶು ಕೊಡವಿ ಒಳಗೆ ಹೊರಟ.

“ಮಾತಾಡ್ತಿರೋವಾಗ ಎಲ್ಲಿಗೆ ಹೋಗ್ತೀಯ?”

“ಸೌಟು ಹುಡುಕೋಕೆ,” ಅಂದ ಮಗ.

ಮುಂದೆ ಕ್ಷೌರದಂಗಡಿ, ಹಿಂದೆ ಮನೆ, ನಡುವೆ ಒಂದು ನೀಲಿ ಪರದೆ. ಅಂಗಡಿಯ ಜಗಳ ಅಡುಗೆಮನೆಗೂ ಅಡುಗೆಮನೆಯ ಒಗ್ಗರಣೆ ಅಂಗಡಿಗೂ ತಡೆಯಿಲ್ಲದೆ ಹೋಗಿಬರುತ್ತಿದ್ದವು. ಅಂಗಡಿ ಕಟ್ಟುವ ಮುಂಚೆ ನಲವತ್ತು ವರ್ಷ ಮುದುಕ ಮಾರುಕಟ್ಟೆಯ ಗೋಡೆಯ ಪಕ್ಕ ಬಯಲಲ್ಲೇ ಕ್ಷೌರ ಮಾಡಿದವನು. ಒಂದು ಮರದ ಕುರ್ಚಿ, ಮೊಳೆಗೆ ನೇತುಹಾಕಿದ ಒಂದು ಕನ್ನಡಿ. ಗೋಡೆಯ ನೆರಳು ಗಿರಾಕಿಗೆ, ಬಿಸಿಲು ತನಗೆ. ಅವನ ಕೈ ಕೆಳಗೆ ಎಳೆಗೂಸು ಕೂತರೂ ನಿದ್ದೆ ಕೆಡುವುದಿಲ್ಲ ಅಂತ ಊರು ಹೇಳುತ್ತಿತ್ತು, ಅದನ್ನು ಊರಿಗಿಂತ ಹೆಚ್ಚು ಸಲ ಅವನೇ ಹೇಳುತ್ತಿದ್ದ.

ಕಳೆದ ವರ್ಷ ಅವನ ಬಲ ಭುಜ ಹಿಡಿದುಕೊಂಡಿತು. ಗಿರಾಕಿಯ ಮುಖಕ್ಕೆ ಕೈ ಚಾಚುವುದು ಆಗುತ್ತಿತ್ತು, ತನ್ನದೇ ಮುಖಕ್ಕೆ ಕೈ ಎತ್ತಿ ತಿರುಗಿಸುವುದು ಆಗುತ್ತಿರಲಿಲ್ಲ. ಹಾಗಾಗಿ ಅವನ ಗಡ್ಡ ಹೆರೆಯುವ ಕೆಲಸ ಮಗನಿಗೆ ಬಂತು. ಮೊದಲ ದಿನವೇ ಮೂಗಿನ ಎಡಪಕ್ಕದಲ್ಲಿ ರಕ್ತ. ಪಟಿಕ ಒತ್ತಿದರು, ನಿಂತಿತು. ಹಕ್ಕಳೆ ಕಟ್ಟಿತು, ಹತ್ತು ದಿನಕ್ಕೆ ಉದುರಿತು, ಮತ್ತೆ ರಕ್ತ. ಒಂದು ವರ್ಷವಾದರೂ ಅದೇ ಜಾಗ, ಅದೇ ರಕ್ತ, ಅದೇ ಬೈಗುಳ. ಮುದುಕ ಅದನ್ನು ಮುಚ್ಚಿಡಲಿಲ್ಲ. ಕುರ್ಚಿಗೆ ಕೂತವರಿಗೆಲ್ಲ ಮುಖ ಮುಂದೆ ಮಾಡಿ ತೋರಿಸುತ್ತಿದ್ದ. “ನೋಡಿ, ನನ್ನ ಮಗ ಹಾಕಿರೋ ರುಜು.”

ಹೆಸರು ಕೆಡಿಸೋಕೆ ಊರಿನವರೇ ಬರಬೇಕು ಅಂತಿಲ್ಲ, ಹೆತ್ತವರೇ ಸಾಕು. ಹಳೇ ಗಿರಾಕಿಗಳೆಲ್ಲ ಮುದುಕನ ಕುರ್ಚಿಗೇ ಸಾಲು ಹಿಡಿದರು. ಮಗನ ಕುರ್ಚಿಗೆ ಬರುವವರು ಸ್ಕೂಲು ಮಕ್ಕಳು, ಅವರಿಗೆ ಗಡ್ಡವೇ ಇಲ್ಲ. ಮುದುಕನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅಂಚೆಯಣ್ಣ. ಮೂವತ್ತೈದು ವರ್ಷ ಸೈಕಲ್ ಮೇಲೆ ಕಾಗದ ಹಂಚಿ ನಿವೃತ್ತನಾದವನು, ಮುದುಕನ ಓರಗೆಯವನು, ವಾರಕ್ಕೆರಡು ಸಲ ಬರುತ್ತಿದ್ದ. ಮಗ ಕುರ್ಚಿ ಒರೆಸಿ “ಬನ್ನಿ” ಅಂದರೆ ಪೇಪರ್ ಮೇಲೆತ್ತಿ, “ನನಗೇನು ಅವಸರ ಇಲ್ಲಪ್ಪ. ಇರೋದು ಒಂದೇ ಮೂಗು,” ಅನ್ನುತ್ತಿದ್ದ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ತಟ್ಟೆ ನೋಡುತ್ತಲೇ ಹೇಳಿದ, “ಒಂದನೇ ತಾರೀಕಿಂದ ತರಕಾರಿ ಗೋದಾಮಿಗೆ ಹೋಗ್ತೀನಿ. ಲಾರಿಗೆ ಏರಿಸೋ ಮೂಟೆ ಬರ್ಕೊಳ್ಳೋ ಕೆಲಸ. ಮಾತಾಡಿ ಬಂದಿದ್ದೀನಿ.”

ಸೊಸೆ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಅವಳಿಗೆ ಗೊತ್ತಿತ್ತು, ಈ ಮನುಷ್ಯ ಹತ್ತು ವರ್ಷದವನಿದ್ದಾಗಿಂದ ಕತ್ತರಿಯ ಸದ್ದಿಗೆ ಸಿಳ್ಳೆ ಸೇರಿಸಿಕೊಂಡು ಬೆಳೆದವನು. ಈಗ ಸಿಳ್ಳೆ ನಿಂತು ಎಷ್ಟೋ ತಿಂಗಳಾಗಿತ್ತು.

“ಹೋಗಲಿ ಬಿಡು,” ಅಂದ ಮುದುಕ, ರೊಟ್ಟಿ ಮುರಿಯುತ್ತ. “ಮೂಟೆಗೆ ಮೂಗಿರಲ್ಲ.”

“ಬಾಯಿ ಮುಚ್ಚಿಕೊಂಡು ತಿನ್ನಿ,” ಅಂದಳು ಅತ್ತೆ.

“ಬಾಯಿ ಮುಚ್ಚಿಕೊಂಡು ಹೇಗೆ ತಿನ್ನಲಿ?”

ಕಾಲೇಜಿಗೆ ಹೋಗುವ ಮೊಮ್ಮಗಳು ಪಕ್ಕನೆ ನಕ್ಕಳು, ಅಮ್ಮನ ಮುಖ ನೋಡಿ ನುಂಗಿಕೊಂಡಳು.

ಸೊಸೆ ಪಾತ್ರೆ ಕೆಳಗಿಟ್ಟಳು. “ಮಾವ, ಈ ಅಂಗಡಿ ಟವೆಲ್ಲು ಒಗೆಯೋಳು ನಾನು. ದಿನಕ್ಕೆ ಇಪ್ಪತ್ತು. ಇವರು ಕ್ಷೌರ ಮಾಡಿದ ಯಾರ ಟವೆಲ್ಲಲ್ಲೂ ಒಂದು ಹನಿ ರಕ್ತ ಕಂಡಿಲ್ಲ, ನಿಮ್ಮದೊಂದು ಬಿಟ್ಟು. ಅದೂ ಅದೇ ಮೂಲೇಲಿ. ಕೈ ಕೆಟ್ಟದ್ದಾದ್ರೆ ಎಲ್ಲರಿಗೂ ಕೊಯ್ಯಬೇಕಲ್ಲ?”

“ಬೇರೆಯವರಿಗೆ ಹೆದರಿಕೊಂಡು ಮಾಡ್ತಾನೆ. ಅಪ್ಪ ಅಂದ್ರೆ ಸದರ.”

“ಸರಿ. ಹಾಗಾದ್ರೆ ಡಾಕ್ಟರ ಹತ್ರ ಹೋಗೋಣ. ಇದು ನಿಮ್ಮ ಮಗನ ಕತ್ತಿ ಗಾಯವೇ ಅಂತ ಅವರು ಕಾಗದದಲ್ಲಿ ಬರೆದುಕೊಡಲಿ. ಕತ್ತೀನ ನಾನೇ ತಗೊಂಡು ಹೋಗಿ ಗುಜರಿಗೆ ಹಾಕ್ತೀನಿ, ಗೋದಾಮಿಗೆ ಬುತ್ತಿ ನಾನೇ ಕಟ್ಟಿಕೊಡ್ತೀನಿ.”

ವರ್ಷದಿಂದ ಆಸ್ಪತ್ರೆ ಅಂದರೆ ಮೈಮೇಲೆ ಬರುತ್ತಿದ್ದ ಮುದುಕನ ಕಣ್ಣು ಮಿಂಚಿತು. “ಸೀಲು ಹಾಕಿ ಕೊಡ್ತಾರಾ?”

“ಹಾಕ್ತಾರೆ.”

“ಚೌಕಟ್ಟು ಹಾಕಿಸಿ ಕನ್ನಡಿ ಪಕ್ಕ ತೂಗುಹಾಕ್ತೀನಿ,” ಅಂದ ಮುದುಕ. ಅವತ್ತು ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಿಂದ.

ಮಂಗಳವಾರ ಅಂಗಡಿಗೆ ರಜ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಕದ್ದಮೆಗೆ ಹೋಗುವವನ ಹಾಗೆ ಮುದುಕ ಬಸ್ಸು ಹತ್ತಿದ. ಜೊತೆಗೆ ಸೊಸೆ, ಮೊಮ್ಮಗಳು. ಮಗ ಬರಲಿಲ್ಲ. ಅವನನ್ನು ಯಾರೂ ಕರೆಯಲೂ ಇಲ್ಲ.

ಚರ್ಮದ ಡಾಕ್ಟರಮ್ಮ ಮೂವತ್ತೈದರ ಒಳಗಿನವಳು, ಮಾತು ಚುರುಕು. ಮುದುಕ ಕೂರುವ ಮೊದಲೇ ಶುರು ಮಾಡಿದ. “ನನಗೆ ಔಷಧಿ ಬೇಡ ತಾಯಿ. ಕತ್ತಿ ಗಾಯ ಅಂತ ಬರೆದು ಸೀಲು ಹಾಕಿಕೊಡಿ ಸಾಕು.”

“ನೋಡದೆ ಹೇಗೆ ಬರೀಲಿ? ದೀಪದ ಕಡೆ ತಿರುಗಿ,” ಅಂದಳು ಅವಳು. ಬೆಳಕಿರುವ ಭೂತಗನ್ನಡಿಯನ್ನು ಮೂಗಿನ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯನ್ನು ಹತ್ತಿರ ಕರೆದಳು. “ಇಲ್ಲಿ ನೋಡಿ. ಅಂಚು ಎತ್ತರ, ಮುತ್ತಿನ ಹಾಗೆ ಹೊಳಪು. ನಡುವೆ ಕುಳಿ. ಕೂದಲೆಳೆಯಂಥ ಕೆಂಪು ಗೆರೆಗಳು ಕಾಣ್ತಾವಾ? ಎಷ್ಟು ದಿನದಿಂದ ಇದೆ?”

“ಒಂದು ವರ್ಷ,” ಅಂದ ಮುದುಕ. “ನನ್ನ ಮಗ ನನಗೆ ಮೊದಲನೇ ಸಲ ಕತ್ತಿ ಇಟ್ಟ ದಿನದಿಂದ.”

“ಅದಕ್ಕಿಂತ ಮುಂಚೆ ಏನೂ ಇರಲಿಲ್ವಾ?”

“ಕನ್ನಡಿ ಮುಂದೆ ಬದುಕಿದವನು ನಾನು. ಇದ್ದಿದ್ರೆ ಕಾಣ್ತಿರಲಿಲ್ವಾ?”

ಮೊಮ್ಮಗಳು ಅಷ್ಟು ಹೊತ್ತಿಗೆ ಫೋನು ತೆಗೆದು ಏನೋ ಹುಡುಕುತ್ತಿದ್ದಳು. “ತಾತ, ಇದು ಹೋದ ವರ್ಷದ ಹಿಂದಿನ ವರ್ಷ, ನನ್ನ ಹುಟ್ಟಿದಹಬ್ಬದ್ದು. ಆಗಿನ್ನೂ ನೀನೇ ಗಡ್ಡ ಮಾಡ್ಕೊತಿದ್ದೆ.” ಬೆರಳಿನಿಂದ ಪಟವನ್ನು ಹಿಗ್ಗಿಸಿದಳು. ಕೇಕಿನ ಹಿಂದೆ ತಾತನ ಮುಖ. ಮೂಗಿನ ಎಡಪಕ್ಕದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಗುಳ್ಳೆ, ದೀಪಕ್ಕೆ ಮಿನುಗುತ್ತಿತ್ತು.

ಮುದುಕ ಫೋನನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. “ಕೇಕಿನ ಕೆನೆ ಮೆತ್ಕೊಂಡಿದೆ,” ಅಂದ.

“ಕೆನೆ ಅಲ್ಲ ಯಜಮಾನ್ರೇ,” ಅಂದಳು ಡಾಕ್ಟರಮ್ಮ. “ಕತ್ತಿಯಿಂದ ಇದು ಬಂದಿಲ್ಲ. ಇದು ಮೊದಲೇ ಇತ್ತು, ಕತ್ತಿ ತಾಗಿದ್ದಕ್ಕೆ ರಕ್ತ ಬಂತು. ಎಂಥ ಕೈಯವರು ಮಾಡಿದ್ರೂ ಬರ್ತಿತ್ತು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಮುಂದಿನ ವಾರ ಬನ್ನಿ.”

ಬಸ್ಸಿನಲ್ಲಿ ಮುದುಕ ಕಿಟಕಿಯಾಚೆ ನೋಡುತ್ತ ಕೂತ. ಸೊಸೆಗೆ ಒಳಗೊಳಗೇ ಕುಣಿಯುವಷ್ಟು ಖುಷಿ, ಒಳಗೊಳಗೇ ಭಯ. ಯಾವುದನ್ನು ಮುಂದೆ ಬಿಡಬೇಕು ಅಂತ ತಿಳಿಯದೆ ಕಡಲೆಕಾಯಿ ಕೊಂಡು ಮೂವರಿಗೂ ಹಂಚಿದಳು. ಮನೆಗೆ ಹೋದವಳೇ ಗಂಡನಿಗೆ ಪಟ ತೋರಿಸಿದಳು. ಅವನು ನೋಡಿ, “ಹೌದಾ,” ಅಂದ, ಹಿತ್ತಲಿಗೆ ಹೋಗಿ ಒಣಗಿದ ಟವೆಲ್ಲು ಮಡಚತೊಡಗಿದ. ಆ ಕೆಲಸ ಅವನು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಮುಂದಿನ ವಾರ ಮಗನೂ ಹೋದ. ಡಾಕ್ಟರಮ್ಮ ವರದಿ ಓದಿ ಹೆಸರು ಹೇಳಿದಳು. ಚರ್ಮದ ಕ್ಯಾನ್ಸರು. ಮುದುಕ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ. ಬಹಳ ಸಣ್ಣ ದನಿಯಲ್ಲಿ ಕೇಳಿದ, “ಇನ್ನೆಷ್ಟು ದಿನ ತಾಯಿ?”

“ದಿನದ ಲೆಕ್ಕ ಯಾಕೆ? ಒಂದು ಗಂಟೆ. ಮುಖ ಮಾತ್ರ ಮರಗಟ್ಟಿಸಿ, ಕೊಯ್ದು, ಹೊಲಿದು, ಮಧ್ಯಾಹ್ನದ ಊಟಕ್ಕೆ ಮನೆಗೆ ಕಳಿಸ್ತೀನಿ. ಇದು ಕ್ಯಾನ್ಸರಲ್ಲೇ ಸೋಮಾರಿ ಜಾತಿ. ನಿಧಾನ ಬೆಳೆಯುತ್ತೆ, ಬೇರೆ ಕಡೆ ಹೋಗೋದು ಬಲು ಅಪರೂಪ. ಹಾಗಂತ ಬಿಟ್ರೆ ಇದ್ದಲ್ಲೇ ಆಳಕ್ಕೆ ಇಳಿದು ಮೂಗು ತಿನ್ನುತ್ತೆ, ಕಣ್ಣಿಗೂ ಹೋಗುತ್ತೆ. ಬಿಸಿಲಲ್ಲಿ ಜೀವಮಾನ ಕಳೆದವರಿಗೆ, ವಯಸ್ಸಾದ ಮೇಲೆ, ಮುಖದ ಮೇಲೇ ಜಾಸ್ತಿ. ನಿಮ್ಮದು ಬಿಸಿಲಿನ ಕೆಲಸವಾ?”

“ನಲವತ್ತು ವರ್ಷ,” ಅಂದ ಮಗ, ಅಪ್ಪನ ಬದಲು. “ನೆರಳೆಲ್ಲ ಗಿರಾಕಿಗೆ ಕೊಡ್ತಿದ್ರು.”

ಮುದುಕ ತಲೆಯೆತ್ತಿ ಮಗನನ್ನು ನೋಡಿದ, ಮತ್ತೆ ಮೊಣಕಾಲು ನೋಡಿಕೊಂಡ.

ಕ್ಯಾನ್ಸರು ಅನ್ನುವ ಮಾತು ಕೇಳಿ ಅತ್ತೆ ಮನೆಯಲ್ಲಿ ಒಂದಿಡೀ ದಿನ ಒಲೆ ಮುಂದೆ ಸುಮ್ಮನೆ ಕೂತಳು. ಸೊಸೆ ನಾಲ್ಕು ಸಲ ವಿವರಿಸಿದಳು. ಐದನೇ ಸಲಕ್ಕೆ ಅತ್ತೆ ಎದ್ದು, “ಸೋಮಾರಿ ಅಂದ್ರೆ ಈ ಮನುಷ್ಯನಿಗೆ ಆಗಿಬರಲ್ಲ. ತಾವೇ ಬೈದು ಓಡಿಸ್ತಾರೆ,” ಅಂದು ಮೊಟ್ಟೆ ಒಡೆದು ಬಾಣಲೆಗೆ ಹಾಕಿದಳು. ಅಲ್ಲಿಂದ ಮನೆ ಉಸಿರಾಡಿತು.

ಶಸ್ತ್ರಕ್ರಿಯೆಯ ಮೇಜಿನ ಮೇಲೂ ಮುದುಕನ ಬಾಯಿ ನಿಲ್ಲಲಿಲ್ಲ ಅಂತ ಆಮೇಲೆ ನರ್ಸು ಹೇಳಿದಳು. ಡಾಕ್ಟರಮ್ಮ ಚಾಕು ಕೈಗೆ ತಗೊಂಡರೆ, “ಮಣಿಕಟ್ಟು ಸ್ವಲ್ಪ ಸಡಿಲ ಬಿಡಿ ತಾಯಿ. ಕತ್ತೀನ ಒತ್ತಬಾರದು, ಅದೇ ಹೋಗುತ್ತೆ,” ಅಂದನಂತೆ. ಮುಗಿದ ಮೇಲೆ, “ಹಿಡಿತ ಪರವಾಗಿಲ್ಲ,” ಅಂತ ಪಾಸು ಮಾಡಿದನಂತೆ. ಹೇಳಿದ ಹಾಗೇ ಊಟದ ಹೊತ್ತಿಗೆ ಮನೆಗೆ ಬಂದ, ಮೂಗಿನ ಮೇಲೆ ಬಿಳಿ ಪಟ್ಟಿ, ತಲೆಯ ಮೇಲೆ ಮೊಮ್ಮಗಳು ಕೊಡಿಸಿದ ಅಗಲ ಅಂಚಿನ ಟೋಪಿ.

“ನಾಟಕದ ಕಳ್ಳನ ಹಾಗೆ ಕಾಣ್ತೀರಿ,” ಅಂದಳು ಅತ್ತೆ.

“ನೋಡ್ತಾ ಇರು, ನಿನ್ನ ಗಂಜಿ ಪಾತ್ರೆನೇ ಕದೀತೀನಿ,” ಅಂದ ಮುದುಕ. ಆ ಮನೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕು ವರ್ಷವಾಗಿತ್ತು.

ಒಂದು ವಾರಕ್ಕೆ ಹೊಲಿಗೆ ಬಿಚ್ಚಿದರು. ತೆಗೆದ ಭಾಗದ ವರದಿಯೂ ಬಂತು, ಸುತ್ತಲ ಅಂಚೆಲ್ಲ ಶುದ್ಧ. ಆರು ತಿಂಗಳಿಗೊಮ್ಮೆ ತೋರಿಸಿ, ಒಂದು ಬಂದವರಿಗೆ ಬೇರೆ ಕಡೆ ಇನ್ನೊಂದು ಬರಬಹುದು ಅಂದಳು ಡಾಕ್ಟರಮ್ಮ. ಮೂಗಿನ ಪಕ್ಕ ಉಳಿದದ್ದು ಒಂದು ತೆಳು ಗೆರೆ. ಮುದುಕ ದಿನಕ್ಕೆ ಹತ್ತು ಸಲ ಅದನ್ನು ಕನ್ನಡಿಯಲ್ಲಿ ನೋಡಿಕೊಂಡು, “ಎಂಥ ಹೊಲಿಗೆ,” ಅನ್ನುತ್ತಿದ್ದ. ಗಿರಾಕಿಗಳಿಗೆ ಅದೇ ಪಾಠ. ಮುತ್ತಿನ ಹೊಳಪು, ಎತ್ತರದ ಅಂಚು, ನಡುವೆ ಕುಳಿ, ಮಾಯದ ಗಾಯ. ಡಾಕ್ಟರಮ್ಮ ಒಂದು ಸಲ ಹೇಳಿದ್ದನ್ನು ಇವನು ನೂರು ಸಲ ಹೇಳಿದ.

ಹೇಳದೆ ಉಳಿದ ಮಾತು ಒಂದೇ. ಮಗನ ಕತ್ತಿ ತಪ್ಪು ಮಾಡಿರಲಿಲ್ಲ ಅನ್ನೋದು.

ಮಗನೂ ಕೇಳಲಿಲ್ಲ. ತಿಂಗಳು ಮುಗಿಯುತ್ತ ಬಂತು. ಗೋದಾಮಿನವರು ಕೊಟ್ಟ ನೀಲಿ ಅಂಗಿ ಹಗ್ಗದ ಮೇಲೆ ಒಣಗುತ್ತಿತ್ತು. ಅಂಚೆಯಣ್ಣ ಈಗಲೂ ಪೇಪರ್ ಮೇಲೆತ್ತಿ, ಮುದುಕನ ಕುರ್ಚಿ ಖಾಲಿಯಾಗಲಿ ಅಂತ ಕಾಯುತ್ತಿದ್ದ. ಕೊಯ್ದದ್ದು ಕ್ಯಾನ್ಸರು ಅಂತ ಊರಿಗೆ ತಿಳಿದಿತ್ತು, ಅದನ್ನು ಮಾಡಿದ್ದು ಮಗನ ಕತ್ತಿಯೇ ಅಂತಲೂ ಊರು ನಂಬಿತ್ತು. ಮೊದಲು ಬರೀ ಗಾಯದ ಅಪವಾದ, ಈಗ ಕ್ಯಾನ್ಸರಿನ ಅಪವಾದ.

ಮೂವತ್ತನೇ ತಾರೀಕು ಬೆಳಿಗ್ಗೆ ಸೊಸೆ ಚಹಾ ಲೋಟ ತಂದು ಮಾವನ ಮುಂದೆ ಇಟ್ಟಳು, ಆದರೆ ಕೈ ಬಿಡಲಿಲ್ಲ.

“ಒಂದು ಮಾತು ಮಾವ. ನಾಳೆ ಅವರು ಹೋಗ್ತಾರೆ.”

“ಗೊತ್ತು.”

“ನೀವು ಹೇಳಬೇಕಾದ್ದು ಒಂದೇ ಮಾತು. ಅವರಿಗಲ್ಲ, ಗಿರಾಕಿಗಳ ಎದುರಿಗೆ.”

“ಹೇಳಬಾರದು ಅಂತ ಏನಿಲ್ಲಮ್ಮ. ಗಂಟಲವರೆಗೂ ಬರುತ್ತೆ, ಅಲ್ಲೇ ಕೂತುಬಿಡುತ್ತೆ.”

“ಬೈಯೋವಾಗ ನಿಮ್ಮ ಗಂಟಲಲ್ಲಿ ಲಾರಿ ಓಡಾಡ್ತಿತ್ತು,” ಅಂದಳು ಅತ್ತೆ ಒಳಗಿನಿಂದ. “ಈಗ ಒಂದು ಸೈಕಲ್ಲಿಗೂ ದಾರಿ ಇಲ್ವಾ?”

ಮುದುಕ ಲೋಟ ಎಳೆದುಕೊಂಡು ಚಹಾ ಕುಡಿದ, ಅಂಗಡಿಗೆ ಹೋಗಿ ಟೋಪಿ ಮೊಳೆಗೆ ಹಾಕಿದ. ಸೊಸೆ ಪರದೆಯ ಹಿಂದೆ ಟವೆಲ್ಲಿನ ಬಕೆಟ್ಟಿನ ಮುಂದೆ ಕೂತಳು. ಅವಳಿಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಒಂದೊಂದು ಟವೆಲ್ಲನ್ನೂ ಮಾವನ ಕತ್ತು ಹಿಡಿದ ಹಾಗೆ ಹಿಂಡಿದಳು.

ಹತ್ತು ಗಂಟೆಗೆ ಅಂಚೆಯಣ್ಣ ಬಂದ. ಬೆಂಚಿನ ಮೇಲೆ ಇನ್ನೂ ಮೂವರಿದ್ದರು. ಮುದುಕ ಅವನ ಕೊರಳಿಗೆ ಟವೆಲ್ಲು ಸುತ್ತಿ, ನೊರೆ ಹಚ್ಚಿ, ಎಡಗೆನ್ನೆ ಮುಗಿಸಿದ. ಬಲಕ್ಕೆ ಬಂದು, ಅವನ ಕನ್ನಡಕ ತೆಗೆದಿಟ್ಟು, ಕಿವಿಯ ಮುಂದಿನ ಚರ್ಮ ಎಳೆದ. ಕತ್ತಿ ಅಲ್ಲೇ ನಿಂತಿತು.

“ಇದೇನೋ ಇದು?”

“ಯಾವುದು?”

“ಕಿವಿ ಮುಂದೆ. ಬೇಳೆಯಷ್ಟಿದೆ. ಕೂದಲು ಬಿಟ್ಟು ಮುಚ್ಚಿಟ್ಟಿದ್ದೀಯ.”

“ಅದಾ? ಕನ್ನಡಕದ ಕಡ್ಡಿ ತಿಕ್ಕಿ ಆಗಿರೋದು. ಈ ಕನ್ನಡಕದವನು ಸರಿಯಾಗಿ ಬಗ್ಗಿಸಿ ಕೊಟ್ಟಿಲ್ಲ. ಮೂರು ಸಲ ಹೋಗಿ ಜಗಳ ಆಡಿದ್ದೀನಿ.”

“ಎಷ್ಟು ತಿಂಗಳಾಯ್ತು?”

“ಎಂಟೋ ಒಂಬತ್ತೋ. ಹಕ್ಕಳೆ ಕಟ್ಟುತ್ತೆ, ಉದುರುತ್ತೆ. ನಿನಗ್ಯಾಕೆ, ಕ್ಷೌರ ಮಾಡು.”

ಮುದುಕ ಅವನ ತಲೆಯನ್ನು ಬೆಳಕಿಗೆ ತಿರುಗಿಸಿದ. ಅಂಚು ಎತ್ತರ, ನಡುವೆ ಕುಳಿ. ಬಾಗಿಲಿನ ಬಿಸಿಲಿಗೆ ಅಂಚು ಮುತ್ತಿನ ಹಾಗೆ ಹೊಳೆಯಿತು. ಅವನು ಕತ್ತಿ ಕೆಳಗಿಳಿಸಿದ.

“ಕನ್ನಡಕದವನ ಮೇಲೆ ಹೊರಿಸಬೇಡ ಕಣಯ್ಯ. ಅವನದೇನೂ ತಪ್ಪಿಲ್ಲ. ನಾನು ಹೀಗೇ ವರ್ಷವೆಲ್ಲ ನನ್ನ ಮಗನ ಮೇಲೆ ಹೊರಿಸಿದೆ. ಅವನ ಕತ್ತಿ ನನ್ನನ್ನ ಒಂದು ದಿನ, ಒಂದೇ ಒಂದು ದಿನವೂ ಕೊಯ್ದಿಲ್ಲ. ಅವನು ಕತ್ತಿ ಹಿಡಿಯೋದಕ್ಕೆ ಮುಂಚೇನೇ ಅದು ನನ್ನ ಮುಖದ ಮೇಲೆ ಕೂತಿತ್ತು. ನನಗೆ ಕಾಣಲಿಲ್ಲ.”

ಬೆಂಚಿನವರು ಪೇಪರ್ ಇಳಿಸಿದರು. ಪರದೆಯ ಹಿಂದೆ ನೀರಿನ ಸದ್ದು ನಿಂತಿತು.

“ಇದನ್ನ ಈಗ ಹೇಳ್ತೀಯಲ್ಲ,” ಅಂದ ಅಂಚೆಯಣ್ಣ, ಅರ್ಧ ನೊರೆಯ ಮುಖದಲ್ಲಿ. “ನಾನು ವರ್ಷವಿಡೀ ನಿನಗೋಸ್ಕರ ಗಂಟೆಗಟ್ಟಲೆ ಕಾದಿದ್ದೀನಿ.”

“ಕೆಲಸ ಇಲ್ಲದವನು, ಕಾದರೆ ಏನಾಯ್ತು? ಆಸ್ಪತ್ರೇಲಿ ಹನ್ನೆರಡಕ್ಕೆ ಚೀಟಿ ಕೊಡೋದು ನಿಲ್ಲಿಸ್ತಾರೆ. ಈಗಲೇ ಹೊರಡೋಣ.” ಮುದುಕ ಇನ್ನೊಂದು ಕುರ್ಚಿಯ ಕಡೆ ತಿರುಗಿದ. ಮಗ ಕೈಯಲ್ಲಿ ಬಾಚಣಿಗೆ ಹಿಡಿದು ಕಂಬದ ಹಾಗೆ ನಿಂತಿದ್ದ. “ಏನು ನೋಡ್ತಾ ನಿಂತೆ? ಬಾ ಇಲ್ಲಿ. ಆ ಗಂಟಿಗೆ ಸೋಕಬಾರದು, ಸುತ್ತ ಬಳಸಿಕೊಂಡು ಹೋಗು. ನನ್ನ ಭುಜ ಅಷ್ಟು ಸಣ್ಣ ತಿರುವು ತಿರುಗಲ್ಲ.”

ಮಗ ಬಂದ. ಕತ್ತಿ ತಗೊಂಡ. ಅಂಚೆಯಣ್ಣ ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದು ಕಣ್ಣು ಮುಚ್ಚಿದ.

“ಉಸಿರಾಡಿ,” ಅಂದ ಮಗ.

“ಮುಗೀಲಿ, ಆಡ್ತೀನಿ.”

ಪರದೆ ಸರಿಸಿ ಸೊಸೆ ಇಣುಕಿದಳು. ಕತ್ತಿ ಕಿವಿಯಿಂದ ಇಳಿಯಿತು, ಆ ಬೇಳೆಯಷ್ಟು ಜಾಗವನ್ನು ಬಳಸಿತು, ಗದ್ದಕ್ಕೆ ಬಂತು. ಮಗ ಟವೆಲ್ಲು ಎಳೆದು ಒರೆಸಿ, ಯಾಕೋ ಏನೋ, ಅದನ್ನು ನೇರ ಅವಳ ಕೈಗೇ ಕೊಟ್ಟ. ಅವಳು ಬಿಚ್ಚಿ ಹಿಂದೆ ಮುಂದೆ ನೋಡಿದಳು. ಬರೀ ನೊರೆ.

“ಆಯ್ತಾ?” ಅಂದ ಅಂಚೆಯಣ್ಣ ಕಣ್ಣು ಬಿಟ್ಟು. ಕೆನ್ನೆ ಸವರಿಕೊಂಡ. “ನಿಮ್ಮಪ್ಪನದಕ್ಕಿಂತ ನುಣ್ಣಗಿದೆಯಲ್ಲೋ.”

“ಅಷ್ಟು ಹೊಗಳಬೇಕಾಗಿಲ್ಲ,” ಅಂದ ಮುದುಕ. ಟೋಪಿ ತಲೆಗಿಟ್ಟ, ಕೊಡೆ ಕಂಕುಳಲ್ಲಿ ಸಿಕ್ಕಿಸಿದ, ಗೆಳೆಯನ ರಟ್ಟೆ ಹಿಡಿದು ಎಬ್ಬಿಸಿದ. ಬಾಗಿಲು ದಾಟುವಾಗಲೂ ಜಗಳ ನಡೆದೇ ಇತ್ತು, ಬಸ್ಸಿನಲ್ಲಿ ಕಿಟಕಿ ಪಕ್ಕ ಯಾರು ಕೂರುವುದು ಅಂತ.

ಆಸ್ಪತ್ರೆಯಲ್ಲಿ ಅಂಚೆಯಣ್ಣನದೂ ಅದೇ ಅಂತ ಆಯಿತು, ಚಿಕ್ಕದಿದ್ದಾಗಲೇ ಸಿಕ್ಕಿತು ಅಂದಳು ಡಾಕ್ಟರಮ್ಮ. ಹೊಲಿಗೆ ಬಿಚ್ಚುವವರೆಗೂ ಮುದುಕನೇ ಜೊತೆಗೆ ಓಡಾಡಿದ. ಆಮೇಲೆ ಹೆಂಚು ಹೊದಿಸುವವನೊಬ್ಬನ ಹಣೆಯಲ್ಲಿ ಏನೋ ಕಂಡಿತು, ಅವನನ್ನು ಎಳೆದುಕೊಂಡು ಹೋದ. ಆಮೇಲೆ ಮೀನು ಮಾರುವ ಮುದುಕಿ. ಅವಳದು ಬರೀ ನರುಲಿ ಅಂತ ತಿಳಿದು ಇಬ್ಬರೂ ಬೀದಿಯಲ್ಲಿ ನಿಂತು ಐಸ್‌ಕ್ರೀಮು ತಿಂದರು. ಊಟಕ್ಕೆ ಅವನು ಹಿತ್ತಲ ಬಾಗಿಲಿಂದ ಬರುತ್ತಿದ್ದ, ಹಿತ್ತಲ ಬಾಗಿಲಿಂದಲೇ ಹೋಗುತ್ತಿದ್ದ. ಅಂಗಡಿಗೆ ಬೇಕಂತಲೇ ಬರಲಿಲ್ಲ.

ಗೋದಾಮಿನ ನೀಲಿ ಅಂಗಿಯನ್ನು ಸೊಸೆಯೇ ಒಂದನೇ ತಾರೀಕು ಬೆಳಿಗ್ಗೆ ಹಿಂದಕ್ಕೆ ಕೊಟ್ಟು ಬಂದಿದ್ದಳು. ಗಂಡನನ್ನು ಕೇಳಿರಲಿಲ್ಲ. ಅವನೂ ಎಲ್ಲಿ ಅಂತ ಕೇಳಲಿಲ್ಲ.

ಒಂದು ಶನಿವಾರ, ಪರ ಊರಿಗೆ ಹೋಗಿದ್ದ ಹಳೇ ಗಿರಾಕಿಯೊಬ್ಬ ತಿಂಗಳ ಗಡ್ಡ ಹೊತ್ತು ಬಂದ. ಸೊಸೆ ಒಳಗೆ ಈರುಳ್ಳಿ ಹೆಚ್ಚುತ್ತಿದ್ದಳು.

“ಯಜಮಾನ್ರು ಎಲ್ಲಿ?”

“ಹೊರಗೆ ಹೋಗಿದ್ದಾರೆ,” ಅಂದ ಮಗ.

“ಯಾವಾಗ ಬರ್ತಾರೆ?”

“ಗೊತ್ತಿಲ್ಲ. ಕೂತ್ಕೊಳ್ಳಿ.”

ಸೊಸೆ ಪರದೆಯ ಕಡೆ ಕಿವಿಗೊಟ್ಟಳು. ಆಮೇಲೆ ಮಗನ ಕುರ್ಚಿ ಕಿರುಗುಟ್ಟಿತು.